ರಾಣಿ ಸಾಯುತ್ತಾಳೆ ಅಂದೆಯಲ್ಲ

ಅಕ್ಕಾ,

ನೀನು ಏಳುವ ಮೊದಲೇ ಸದ್ದಿಲ್ಲದೆ ನಿನ್ನ ಬಟ್ಟೆ ಇಸ್ತ್ರಿ ಮಾಡಿಟ್ಟಿದ್ದೇನೆ. ಹಾಲು ಕಾಯಿಸಿದೆ, ಆರಿದ ಮೇಲೆ ಮುಚ್ಚಿಡು.

ನಿನ್ನ ಆ ಡ್ರ್ಯಾಗನ್‌ಗಳ ದಪ್ಪ ಕಾದಂಬರಿಗೆ ಕೈ ಹಾಕಲೋ ಬೇಡವೋ ಎಂದು ನಿನ್ನೆ ಕೇಳಿದ್ದು ನಿನ್ನನ್ನು, ನಿನ್ನ ಗೆಳತಿಯರನ್ನಲ್ಲ. "ಏಳನೇ ಕ್ಲಾಸಿಗೇ ಸುಸ್ತಾದೋಳು, ಮೂರು ಸಂಪುಟ ಓದ್ತಾಳಂತೆ! ಕೊನೇಲಿ ರಾಣಿ ಸಾಯ್ತಾಳೆ ಕಣೇ, ಮುಗೀತು. ಹೋಗಿ ಟೀ ಮಾಡು" ಅಂತ ನೀನು ಅವರೆದುರೇ ಅಂದೆ. ಎಲ್ಲರೂ ನಕ್ಕರು. ನಾನು ಟೀ ಮಾಡಿದೆ.

ಅಮ್ಮ ಹಾಸಿಗೆ ಹಿಡಿದಾಗ ನಮ್ಮಿಬ್ಬರಲ್ಲಿ ಒಬ್ಬಳು ಮನೆಯಲ್ಲಿರಬೇಕಿತ್ತು. ನಿನಗೆ ಪರೀಕ್ಷೆ ಇತ್ತು, ನಾನು ಶಾಲೆ ಬಿಟ್ಟೆ. ಅದಕ್ಕೆ ಸುಸ್ತು ಅಂತ ಹೆಸರಿಡಬೇಡ.

ಮೊದಲ ಸಂಪುಟವನ್ನು ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಗೆ ಒಯ್ಯುತ್ತಿದ್ದೇನೆ. ರಾಣಿ ಸಾಯುವುದು ಗೊತ್ತಾಯಿತು. ಅಲ್ಲಿಯವರೆಗೆ ಹೇಗೆ ಬದುಕಿದಳು ಎಂದು ನೀನು ಹೇಳಲಿಲ್ಲವಲ್ಲ.

ಉಳಿದೆರಡನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೀಯ. ಬೀಗದ ಕೈ ಮೇಜಿನ ಮೇಲಿಟ್ಟು ಹೋಗು.