ಹೊನ್ನವ್ವನ ತೂಕ

ಆಲಮೇಲ
12-9-1961

ಮಲೇರಿಯಾ ಖಾತೆಯ ಅಮೀನುದ್ದೀನ ಸಾಹೇಬರಿಗೆ ಜೋಳದ ವ್ಯಾಪಾರಿ ಗುರಪ್ಪನ ನಮಸ್ಕಾರಗಳು.

ನನ್ನ ಮಗಳು ಹೊನ್ನವ್ವನ ಚಳಿಜ್ವರ ಬಿಟ್ಟು ಎಂಟು ದಿನವಾಯಿತು. ನಿನ್ನೆ ತಾನೇ ಕೇಳಿ ಎರಡು ರೊಟ್ಟಿ ತಿಂದಳು.

ಗುಳಿಗೆ ಕೊಡಲು ನನ್ನ ಅಂಗಡಿಗೆ ಬಂದ ದಿನ ನೀವು ಅವಳ ವಯಸ್ಸು ಕೇಳಿದಾಗ ನಾನು ಹದಿನೈದು ಎಂದೆ. ಬರುವ ದೀಪಾವಳಿ ಆದ ಮೇಲೆ ಅವಳ ಲಗ್ನವೆಂದು ನಿಶ್ಚಯವಾಗಿತ್ತು. ಹದಿನೈದು ತುಂಬದ ಹುಡುಗಿಯ ಲಗ್ನಕ್ಕೆ ಕಾಯ್ದೆ ಅಡ್ಡ ಬರುತ್ತದೆ; ಸರಕಾರದ ವಹಿಯಲ್ಲಿ ಕಡಿಮೆ ವಯಸ್ಸು ಬಿದ್ದೀತೆಂಬ ಅಂಜಿಕೆ. ನೀವು ದೊಡ್ಡವರಿಗೆ ಕೊಡುವ ನಾಲ್ಕು ಗುಳಿಗೆ ತೆಗೆದವರು, ಅವಳ ಸಣ್ಣ ಮುಂಗೈ ನೋಡಿ ತಡೆದಿರಿ. ಎದುರು ಮಾತಾಡದೆ ಅವಳನ್ನು ನನ್ನ ಅಂಗಡಿಯ ತಕ್ಕಡಿಯಲ್ಲೇ ಕೂಡಿಸಿದಿರಿ. ಕಾಲು ಚೀಲ ಜೋಳಕ್ಕೆ, ಅಂದರೆ ಇಪ್ಪತ್ತೈದು ಕಿಲೋಗೆ, ಸರಿಯಾಗಿ ತೂಗಿದಳು.

“ವಯಸ್ಸು ನೀವು ಹೇಳಿದ್ದ ಬರಕೊಂಡೇನ್ರಿ. ಆದ್ರ ಗುಳಿಗಿ ಹೋಗೂದು ಹುಡುಗಿ ಮೈಯಾಗ, ವಹಿಯಾಗಲ್ಲ. ಎರಡು ಸಾಕು,” ಎಂದಿರಿ.

ಅಂಗಡಿ ತುಂಬ ಗಿರಾಕಿಗಳಿದ್ದರು. ಆದರೂ ನೀವು ನನ್ನ ಮಾನ ಕಳೆಯಲಿಲ್ಲ. ಇಪ್ಪತ್ತು ವರ್ಷದಿಂದ ಆ ತಕ್ಕಡಿ ಹಿಡಿದಿದ್ದೇನೆ ಸಾಹೇಬರೇ, ಅಷ್ಟು ನೇರವಾದ ತೂಕ ನಾನು ನೋಡಿರಲಿಲ್ಲ.

ಒಂದು ವಿನಂತಿ. ನಿಮ್ಮ ವಹಿಯಲ್ಲಿ ಹದಿನೈದು ಹೊಡೆದು ಹತ್ತು ಎಂದು ಬರೆಯಿರಿ. ಮುಂದಿನ ಸಲ ಬಂದಾಗ ಬೇಕಾದರೆ ಸಹಿ ಹಾಕುತ್ತೇನೆ. ಸಿಂದಗಿಯ ಬೀಗರಿಗೂ ಅದೇ ವಯಸ್ಸು ಬರೆದು ಇದೇ ಟಪಾಲಿಗೆ ಹಾಕಿದ್ದೇನೆ. ಕಾಯುವವರು ಐದು ವರ್ಷ ಕಾಯಲಿ.

ನಿಮ್ಮ ಉಪಕಾರ ಮರೆಯದ,
ಗುರಪ್ಪ