ಡೌಲಾ ಒಳಗೆ, ಅಕ್ಕ ಹೊರಗೆ

ಭಾನುವಾರ, ಸಂಜೆ

ಪುಟ್ಟಿಗೆ,

ಅಕ್ಕನ ಆಶೀರ್ವಾದಗಳು. ನಾನು ಗಟ್ಟಿಯಾಗಿದ್ದೇನೆ. ನೀನೂ ಗಟ್ಟಿಯಾಗಿದ್ದೀಯ, ಕಾಲು ಮಾತ್ರ ಬಾತಿದೆ ಎಂದು ನಿನ್ನ ಗಂಡ ಫೋನಿನಲ್ಲಿ ಹೇಳಿದ. ನಿನ್ನ ಮೆಸೇಜುಗಳಿಗೆ ಇಷ್ಟು ದಿನ ಉತ್ತರ ಕೊಡದೆ ಇದ್ದದ್ದಕ್ಕೆ ಕ್ಷಮೆ ಇರಲಿ. ಪುರುಸೊತ್ತಿರಲಿಲ್ಲ ಎಂದು ಬರೆಯಬಹುದು, ಆದರೆ ಅದು ಸುಳ್ಳು. ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ಫೋನು ಮಾಡಿದರೆ ನೀನು ಅತ್ತುಬಿಡುತ್ತೀಯ, ಆಮೇಲೆ ನಾನೇ ಸಮಾಧಾನ ಮಾಡಬೇಕು. ಕಾಗದಕ್ಕೆ ಆ ತಾಪತ್ರಯವಿಲ್ಲ. ಕಾಲು ಮೇಲಿಟ್ಟುಕೊಂಡು ಕೂತು ಓದು.

ನಿನ್ನ ಭಾವ ಪಕ್ಕದಲ್ಲೇ ಕೂತಿದ್ದಾರೆ. "ಬಿಡೇ, ತುಂಬಿದ ಬಸುರಿ, ಈಗ್ಯಾಕೆ ಅವಳ ಹತ್ರ ಜಗಳ?" ಅನ್ನುತ್ತಿದ್ದಾರೆ. ಬಸುರಿ ಎಂದೇ ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದೆ. ಇನ್ನು ಆಗುವುದಿಲ್ಲ.

ಮೊದಲ ಸಲ ನೀನು "ಡೌಲಾ ಇಟ್ಕೊಂಡಿದೀನಿ ಅಕ್ಕಾ" ಎಂದಾಗ ನನಗೆ ಕೇಳಿಸಿದ್ದು ಡೌಲು. ಈ ಸ್ಥಿತಿಯಲ್ಲೂ ಎಂಥ ಡೌಲೇ ಇವಳದ್ದು ಅಂದುಕೊಂಡೆ. ಆಮೇಲೆ ನೀನು ಬಿಡಿಸಿ ಹೇಳಿದೆ. ಡಾಕ್ಟರಲ್ಲ, ನರ್ಸಲ್ಲ, ಹೆರಿಗೆ ಮಾಡಿಸುವವಳೂ ಅಲ್ಲ. ನೋವು ಶುರುವಾದಾಗಿನಿಂದ ಮಗು ಹೊರಗೆ ಬರುವವರೆಗೆ ಪಕ್ಕದಲ್ಲಿದ್ದು ಧೈರ್ಯ ಹೇಳುವವಳು, ಸೊಂಟ ನೀವುವವಳು, ನೀರು ಕುಡಿಸುವವಳು. "ಅಂದ್ರೆ ಅಕ್ಕ ಅಂತ ಹೇಳು" ಎಂದೆ ನಾನು. ಇಬ್ಬರೂ ನಕ್ಕೆವು. ನನಗೆ ಆಗಲೇ ಬುದ್ಧಿ ಬರಬೇಕಿತ್ತು.

ಆದರೂ ನೀನು ಕರೆದೆ ಎಂದು ನಿಮ್ಮ ಮನೆಗೆ, ಅವಳು ಮಾಡಿಸುವ ಹೆರಿಗೆಯ ಅಭ್ಯಾಸ ನೋಡಲು ಬಂದೆ. ಸೋಫಾವನ್ನು ಗೋಡೆಗೆ ಒತ್ತರಿಸಿ, ನಡುಮನೆಯಲ್ಲಿ ಎಮ್ಮೆ ಗಾತ್ರದ ರಬ್ಬರ್ ಚೆಂಡು ಇಟ್ಟು, ಅದರ ಮೇಲೆ ನಿನ್ನನ್ನು ಕೂರಿಸಿದ್ದಳು ನಿನ್ನ ಡೌಲಾ. ನಿನ್ನ ಗಂಡನಿಗೆ ಸೊಂಟ ಒತ್ತು ಎಂದರೆ ಅವನು ಯಾರದೋ ಮನೆಯ ಕಾಲಿಂಗ್ ಬೆಲ್ ಒತ್ತಿದ ಹಾಗೆ ಒತ್ತುತ್ತಿದ್ದ. ಆಮೇಲೆ ಆ ಮಹಾತಾಯಿ ನಿನ್ನ ಅಂಗೈಯಲ್ಲಿ ಐಸು ಇಟ್ಟಳು. ನೋವು ಏರುವಾಗ ಉಸಿರು ಹೇಗೆ ಬಿಡಬೇಕು ಎಂದು ಕಲಿಯುವುದಕ್ಕಂತೆ. ನಿನ್ನ ಬೆರಳು ಕೆಂಪಾಗಿದ್ದು ನೋಡಿ ನನಗೆ ತಡೆಯಲಾಗಲಿಲ್ಲ. "ಬಿಸಾಕೇ ಅದನ್ನ, ಕೈ ಸೆಟೆದು ಹೋಗುತ್ತೆ!" ಎಂದೆ. ಅವಳು ತಿರುಗಿ, ಬಲು ಮೆತ್ತಗೆ, "ಅಕ್ಕಾ, ಸ್ವಲ್ಪ ಸುಮ್ನಿರ್ತೀರಾ? ಅವ್ರಿಗೆ ಒಂದೇ ದನಿ ಕೇಳಿಸ್ಲಿ" ಎಂದಳು. ನನ್ನ ತಂಗಿಯ ಮನೆಯಲ್ಲಿ, ನನಗೆ! ನೀನು ಕಣ್ಣು ಮುಚ್ಚಿಕೊಂಡು ಉಸಿರು ಬಿಡುತ್ತಿದ್ದೆ, ಕಿವಿಗೇ ಬೀಳಲಿಲ್ಲ ಎನ್ನುವ ಹಾಗೆ.

ಹೆದರಿದವರ ಪಕ್ಕ ಕೂರುವುದನ್ನು ಅವಳು ನನಗೆ ಕಲಿಸಬೇಕೇ? ಬೆಳಗಾದರೆ ಅದೇ ನನ್ನ ಹೊಟ್ಟೆಪಾಡು. ಎದುರಿಗೆ ಲಾರಿ ಬಂದರೆ ಸ್ಟಿಯರಿಂಗ್ ಬಿಟ್ಟು ಮುಖ ಮುಚ್ಚಿಕೊಳ್ಳುವ ಹೆಂಗಸರಿಗೆ "ಕಣ್ ಬಿಡಿ, ಕ್ಲಚ್ ಒತ್ತಿ, ನಾನಿದೀನಿ" ಎಂದು ಹೇಳಿ ಹೇಳಿಯೇ ಈ ಡ್ರೈವಿಂಗ್ ಸ್ಕೂಲು ನಡೆದಿರುವುದು. ಕಿರುಚುತ್ತೇನೆ, ಇಲ್ಲವೆನ್ನುವುದಿಲ್ಲ. ಕಿರುಚದಿದ್ದರೆ ಅವರಲ್ಲಿ ಅರ್ಧ ಜನ ಲೈಟು ಕಂಬ ತಬ್ಬಿಕೊಂಡಿರುತ್ತಿದ್ದರು.

ಅದೂ ಹೋಗಲಿ. ನಾವು ನಾಲ್ವರೂ ಆಸ್ಪತ್ರೆ ನೋಡಲು ಹೋದ ದಿನದ ಮಾತಿಗೆ ಬರುತ್ತೇನೆ. ಹೆರಿಗೆ ಕೋಣೆ ಚೆನ್ನಾಗಿತ್ತು. ಮಂಚದ ತಲೆಭಾಗ ಎತ್ತಬಹುದು, ನೋವು ಬಂದಾಗ ಹಿಡಿದುಕೊಳ್ಳಲು ಗೋಡೆಗೆ ಕಂಬಿ ಇದೆ, ಬಚ್ಚಲು ಒಳಗೇ ಇದೆ. ನೀನು ಕಂಬಿ ಹಿಡಿದು ನೋಡಿದೆ, ಚಪ್ಪಲಿ ಎಲ್ಲಿ ಬಿಡುವುದು ಎಂದು ಕೇಳಿದೆ. ಹೆಡ್ ನರ್ಸು, "ಒಳಗಡೆ ಒಬ್ರೇ ಇರೋದು. ಯಾರು ಅಂತ ಈಗ್ಲೇ ಹೇಳ್ಬಿಡಿ, ಆಮೇಲೆ ಬಾಗಿಲಲ್ಲಿ ಜಗಳ ಬೇಡ" ಎಂದಳು. ನಿನ್ನ ರಕ್ತಪರೀಕ್ಷೆಯ ಸೂಜಿ ನೋಡಿಯೇ ದೊಪ್ಪನೆ ಬಿದ್ದಿದ್ದ ನಿನ್ನ ಗಂಡ ಒಂದು ಹೆಜ್ಜೆ ಹಿಂದೆ ಸರಿದ. ನಾನು ಮುಂದೆ ಬಂದೆ. ಬರದೆ ಇನ್ನೇನು? ಸುದ್ದಿ ಗೊತ್ತಾದ ದಿನ ನನ್ನ ಕೊರಳಿಗೆ ಜೋತುಬಿದ್ದು "ನೀನೇ ಒಳಗಡೆ ಇರ್ಬೇಕು ಅಕ್ಕಾ" ಎಂದದ್ದು ನೀನೇ. ಅವತ್ತಿನಿಂದ ಬೇರೆ ಏನನ್ನೂ ನಾನು ಅಷ್ಟು ಆಸೆಪಟ್ಟಿರಲಿಲ್ಲ.

ನೀನು "ಇವ್ರು" ಎಂದು ಡೌಲಾ ಕಡೆ ಕೈ ತೋರಿಸಿದೆ.

ನರ್ಸು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವ್ಯಾರಮ್ಮ?" ಎಂದಳು. ಅಕ್ಕ ಎಂದೆ. "ಹಾಗಾದ್ರೆ ಹೊರಗಡೆ ಕುರ್ಚಿ ಇದೆ, ಅಲ್ಲಿ ಕೂತ್ಕೊಳ್ಬಹುದು" ಎಂದಳು. ಪಾಪ, ನಿನ್ನ ಡೌಲಾ ಮುಖ ಸಣ್ಣಗಾಯಿತು. "ಅಕ್ಕ ತಂಗಿ ಮಾತಾಡ್ಕೊಂಡು ಹೇಳಿ, ನನಗೇನೂ ಬೇಜಾರಿಲ್ಲ" ಎಂದಳು. ನೀನು, "ಮಾತಾಡೋಕೇನಿದೆ?" ಎಂದೆ. ಅವಳಿಗಿದ್ದ ದಾಕ್ಷಿಣ್ಯ ನಿನಗಿರಲಿಲ್ಲ.

ಹೊರಗೆ ಬಂದ ಮೇಲೆ, ಬೇರೆಯವರು ಮುಂದೆ ಹೋಗಲಿ ಎಂದು ಕಾದು, ಯಾಕೆ ಎಂದು ಕೇಳಿದೆ. ನೀನು ಒಂದು ಕಾರಣ ಹೇಳಿದೆ. ಅದನ್ನು ಬರೆಯಲು ಕೈ ಬರುತ್ತಿಲ್ಲ.

ನಾನು ಮಾಡಿದ್ದನ್ನು ಎತ್ತಿ ಆಡಬಾರದು ಎನ್ನುತ್ತಾರೆ. ಆಡುತ್ತೇನೆ. ಅಮ್ಮ ಹೋದಾಗ ನಿನಗಿನ್ನೂ ಹಾಲುಹಲ್ಲು ಬೀಳುತ್ತಿದ್ದವು. ನೀನು ದೊಡ್ಡವಳಾದ ದಿನ ಸತ್ತೇಹೋಗುತ್ತೇನೆ ಎಂದು ಬಚ್ಚಲಲ್ಲಿ ಚಿಲಕ ಹಾಕಿಕೊಂಡು ಕೂತೆಯಲ್ಲ, ಬಾಗಿಲಾಚೆ ಕೂತು ಮಾತಾಡಿ ಮಾತಾಡಿ ಚಿಲಕ ತೆಗೆಸಿದ್ದು ಯಾವ ಡೌಲಾ? ಅವತ್ತು ನಾನು ಒಂದು ಸಲವೂ ಕಿರುಚಲಿಲ್ಲ. ನೆನಪು ಮಾಡಿಕೋ.

ಇನ್ನು ಕೆಲಸದ ಮಾತು. ನೋವು ಶುರುವಾದರೆ ಕಾರಿಗೆ ನನಗೇ ಫೋನು ಮಾಡು. ನಿನ್ನ ಗಂಡನಿಗೆ ಗಾಡಿ ಕಲಿಸಿದವಳು ನಾನು. ಗಾಬರಿಯಾದರೆ ಬ್ರೇಕು ಬಿಟ್ಟು ವೈಪರ್ ಹಾಕುತ್ತಾನೆ. ನಿನ್ನನ್ನೂ ನಿನ್ನ ಡೌಲಾಳನ್ನೂ ಆ ಚೆಂಡನ್ನೂ ಆಸ್ಪತ್ರೆ ಬಾಗಿಲಲ್ಲಿ ಇಳಿಸಿ ಹೊರಟುಬಿಡುತ್ತೇನೆ. ಆ ಕುರ್ಚಿಯಲ್ಲಿ ನಾನು ಕೂರುವವಳಲ್ಲ. ಸೀಟ್ ಬೆಲ್ಟ್ ಹೊಟ್ಟೆಯ ಕೆಳಗೆ ಬರಬೇಕು, ಮೇಲಲ್ಲ. ಅಷ್ಟಾದರೂ ನನ್ನ ಮಾತು ಕೇಳು.

ಸಲೀಸಾಗಿ ಹೆರಿಗೆಯಾಗಲಿ. ನಿನ್ನ ಹೊಟ್ಟೆ ತಣ್ಣಗಿರಲಿ. ಈ ಕಾಗದದಲ್ಲಿ ಸಿಟ್ಟಿಲ್ಲದೆ ಬರೆದದ್ದು ಇದೊಂದೇ.

ಇತಿ,
ನಿನ್ನ ಅಕ್ಕ

ತಾ.ಕ.: ಬರೆದೇಬಿಡುತ್ತೇನೆ, ಇಲ್ಲದಿದ್ದರೆ ಗಂಟಲಲ್ಲೇ ಉಳಿಯುತ್ತದೆ. ನೀನು ಅಂದದ್ದು ಹೀಗೆ: "ಬೇಜಾರ್ ಮಾಡ್ಕೋಬೇಡ ಅಕ್ಕಾ, ಹೆತ್ತವರಿಗೆ ಮಾತ್ರ ಗೊತ್ತಾಗೋದು ಇದೆಲ್ಲ. ನಿನಗೆ ಹೇಗೆ ಗೊತ್ತಾಗ್ಬೇಕು?" ನನ್ನ ಅತ್ತೆಯಿಂದ ಹಿಡಿದು ಎದುರುಮನೆಯವಳವರೆಗೆ ಎಲ್ಲರೂ ಅಂದಿದ್ದಾರೆ, ನುಂಗಿದ್ದೇನೆ. ನೀನು ಅಂದದ್ದನ್ನೂ ನುಂಗಿದೆ. ಹೆತ್ತು ಪಳಗಿದವಳೇ ಒಳಗಿರಲಿ, ನನ್ನ ತಂಗಿಗೆ ಒಳ್ಳೆಯದಾದರೆ ಸಾಕು ಅಂದುಕೊಂಡೆ. ಅವತ್ತು ನಿಮ್ಮನ್ನು ಮನೆಗಿಳಿಸಿ ನಿನ್ನ ಡೌಲಾಳನ್ನು ಬಸ್ ಸ್ಟಾಪಿಗೆ ಬಿಟ್ಟವಳು ನಾನೇ ತಾನೇ? ಮಾತಿಗೆ ಮಾತು ಬಂದು, "ನಿಮಗೆಷ್ಟು ಮಕ್ಕಳಮ್ಮ?" ಎಂದು ಕೇಳಿದೆ. "ನನಗೆ ಮಕ್ಕಳಿಲ್ಲ ಅಕ್ಕಾ, ನಾನು ಹೆತ್ತಿಲ್ಲ. ನಿಮ್ಮ ತಂಗಿಗೆ ಮೊದಲ್ನೇ ದಿನಾನೇ ಹೇಳಿದೀನಲ್ಲ" ಎಂದಳು. ನನ್ನ ಕೈಯಲ್ಲಿ ಕಾರು ನಡುರಸ್ತೆಯಲ್ಲಿ ಆಫಾಗಿ ನಿಂತಿತು, ಪುಟ್ಟಿ. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು, ನನಗೆ ಕೀ ಎಲ್ಲಿದೆ ಎಂದೇ ತಿಳಿಯಲಿಲ್ಲ. ಹೆರದವಳು ನಿನಗೆ ಆಗುತ್ತಾಳೆ, ನಾನು ಆಗುವುದಿಲ್ಲ. "ನೀನು ಬೇಡ ಅಕ್ಕಾ" ಎಂದಿದ್ದರೆ ಸಾಕಿತ್ತಲ್ಲೇ. ನನ್ನ ಬರಿ ಹೊಟ್ಟೆಯನ್ನು ಯಾಕೆ ಎಳೆದು ತಂದೆ?