ಸಾಹೇಬರ ಹತ್ತು ನಿಮಿಷ

ಅತ್ತೆ,

ಒಂದು ಮಾತನ್ನು ನಿಮಗೆ ಹೇಳದೇ ಬಿಡೋಣ ಎಂದುಕೊಂಡಿದ್ದೆ. ನಿಮ್ಮ ನಾಯಿಯ ಕೂದಲು ಉದುರಿದ್ದು ನಿಮ್ಮನ್ನು ನೆನೆದು ಕೊರಗಿಯಲ್ಲ.

ನೀವು ತೀರಿಕೊಂಡ ಮೇಲೆ ಅದು ಬಾಲದ ಬುಡವನ್ನು ಕಚ್ಚಿ ಕಚ್ಚಿ ಬೋಳು ಮಾಡಿಕೊಂಡಿತ್ತು. ನಾಯಿಗಿರುವಷ್ಟು ದುಃಖವೂ ನನಗಿಲ್ಲವೇ ಎಂದು ನನ್ನನ್ನೇ ಕೇಳಿಕೊಂಡಿದ್ದೆ. ಇವತ್ತು ಡಾಕ್ಟರಿಗೂ ಕೊರಗು ಎಂದೇ ಹೇಳಿದೆ. ಅವರು ಅದರ ಮೈಯಿಂದ ಕರಿ ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಉದುರಿಸಿದರು. ಹತ್ತಿ ಕೆಂಪಾಯಿತು.

"ಕೊರಗೂ ಅಲ್ಲ, ಗಿರಗೂ ಅಲ್ಲಮ್ಮ. ಚಿಗಟ! ಇದು ಅದರ ಹಿಕ್ಕೆ, ಕುಡಿದ ರಕ್ತ. ಚಿಗಟಕ್ಕೆ ಮಾತ್ರೆ ಕೊಡಿ. ಹುಣ್ಣಿಗೆ ಈ ಶಾಂಪೂ, ವಾರಕ್ಕೊಂದ್ಸಲ, ಒಟ್ಟು ನಾಲ್ಕು ಸ್ನಾನ. ನೊರೆ ಹತ್ತು ನಿಮಿಷ ಮೈಮೇಲೇ ಇರ್ಬೇಕು."

ನನ್ನ ಕೈಯಲ್ಲಿ ಅದು ಒಂದು ನಿಮಿಷವೂ ನಿಲ್ಲಲಿಲ್ಲ. ಬಚ್ಚಲೆಲ್ಲ ನೊರೆಯಾಯಿತು. ಆಗ, ಸ್ನಾನ ಮಾಡಿಸುವಾಗ ನೀವು ಹೇಳುತ್ತಿದ್ದ ಮಾತು ನೆನಪಾಯಿತು. ನನ್ನನ್ನು "ಏ ಹುಡುಗಿ" ಎಂದು ಕರೆಯುತ್ತಿದ್ದ ನೀವು ನಾಯಿಗೆ ಮಾತ್ರ ಬಹುವಚನ ಕೊಡುತ್ತಿದ್ದಿರಿ. ನಾನೂ ಹಾಗೇ ಅಂದೆ:

"ಸಾಹೇಬ್ರೇ, ನೆಟ್ಟಗೆ ನಿಂತ್ಕೊಳ್ಳಿ, ಫೋಟೋ ತೆಗೀತಾರೆ."

ಅದು ಒಮ್ಮೆ ಬಾಗಿಲ ಕಡೆ ನೋಡಿತು. ಆಮೇಲೆ ಕಿವಿ ನಿಮಿರಿಸಿ, ಕದಲದೆ ನಿಂತಿತು. ನೀವು ಕಲಿಸಿಟ್ಟು ಹೋಗಿದ್ದು ಇಂದು ನಮ್ಮಿಬ್ಬರ ಉಪಯೋಗಕ್ಕೆ ಬಂತು ಅತ್ತೆ. ದೊಡ್ಡ ಉಪಕಾರವಾಯಿತು. ಹೊರಗೆ ಬಂದಾಗ, ನೊರೆ ಕಣ್ಣಿಗೆ ಹೋಯಿತು ಎಂದು ಮಗಳಿಗೆ ಹೇಳಿದೆ.

ನಿಮ್ಮ ವಿಳಾಸವೆಂದರೆ ಈ ಮನೆಯದೇ. ಪತ್ರ ಇಲ್ಲಿಗೇ ಬರುತ್ತದೆ. ಅಂಚೆಯವನನ್ನು ಸಾಹೇಬರೇ ವಿಚಾರಿಸಿಕೊಳ್ಳುತ್ತಾರೆ. ಕೊನೆಯ ಸ್ನಾನವಾದ ದಿನ ಅಂಚೆಗೆ ಹಾಕುತ್ತೇನೆ, ಜೂನ್ ಒಂಬತ್ತಕ್ಕೆ.